ಅಜ್ಜಿಯ ಟ್ರಂಕಿನಲ್ಲಿ 25 ಹಳೇ ನಾಣ್ಯ ಸಿಕ್ಕಿವೆ, ಬೆಳ್ಳಿ ರೇಟಿಗೆ ಕೊಡೋದಾ, ಇಟ್ಟುಕೊಳ್ಳೋದಾ?

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ಈ ವಿಷಯ ನನಗೆ ಹೊಸದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಅಜ್ಜಿ ತೀರಿಕೊಂಡು ಒಂದು ವರ್ಷ ಆಯಿತು. ವರ್ಷದ ತಿಥಿ ಮುಗಿಸಿ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅವರ ಕಬ್ಬಿಣದ ಟ್ರಂಕ್ ಕೆಳಗಿಳಿಸಿದೆವು. ಸೀರೆಗಳ ಅಡಿಯಲ್ಲಿ ಕೆಂಪು ಬಟ್ಟೆಯ ಗಂಟು. ಬಿಚ್ಚಿದರೆ 25 ನಾಣ್ಯ. ಅದರಲ್ಲಿ ಒಂದನ್ನು ಮಾತ್ರ ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ, ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಜ್ಜಿ ಅದನ್ನು ಕಳಸದೊಳಗೆ ಹಾಕುತ್ತಿದ್ದರು. ಉಳಿದವು ಇವೆ ಅಂತ ನಮ್ಮಮ್ಮನಿಗೂ ಗೊತ್ತಿರಲಿಲ್ಲ.

ವರ್ಷ ನೋಡಿ ವಿಂಗಡಿಸಿದ್ದೇನೆ. ವಿಕ್ಟೋರಿಯಾ ರಾಣಿಯವು: 1840 ಒಂದು, 1862 ಮೂರು, 1878 ಒಂದು, 1901 ಎರಡು. ಗಡ್ಡ ಇದ್ದು ಕಿರೀಟ ಇಲ್ಲದ ರಾಜ: 1903, 1906, 1907. ಗಡ್ಡವೂ ಕಿರೀಟವೂ ಇರುವ ರಾಜ: 1911, 1912, 1913, 1918, 1919 ಒಂದೊಂದು, 1916 ಎರಡು (ಅದರಲ್ಲಿ ಒಂದಕ್ಕೆ ಸರಕ್ಕೆ ಪೋಣಿಸೋ ಹಾಗೆ ಕೊಂಡಿ ಬೆಸುಗೆ ಹಾಕಿದ್ದಾರೆ). ಗಡ್ಡ ಇಲ್ಲದ ರಾಜ: 1940, 1942, 1945 ಒಂದೊಂದು, 1944 ಎರಡು. 1947ರದ್ದು ಒಂದು, ಹಿಂದೆ ಹುಲಿ ಇದೆ. ಇವೆಲ್ಲ ಒಂದು ರೂಪಾಯಿಯವು. ಇನ್ನೆರಡು ಬೇರೆ. ಒಂದು ಗಾಂಧೀಜಿ ಮುಖದ 20 ಪೈಸೆ, ಬಂಗಾರದ ಬಣ್ಣ, 1869-1948 ಅಂತ ಇದೆ. ಇನ್ನೊಂದರಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ ಇದ್ದಾರೆ, ಹಿಂದೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದಿದೆ.

ಪೇಟೆಯಲ್ಲಿ ಒಂದು ಬೆಳ್ಳಿ ಅಂಗಡಿಗೆ ತಗೊಂಡು ಹೋದೆ. ಅವರು ವರ್ಷ ನೋಡಲಿಲ್ಲ, ಕಲ್ಲಿಗೂ ಉಜ್ಜಲಿಲ್ಲ. 22 ನಾಣ್ಯ ಒಟ್ಟಿಗೆ ತಕ್ಕಡಿಗೆ ಸುರಿದು "ಇವೆಲ್ಲ ಅರ್ಧ ಬೆಳ್ಳಿ ಮೇಡಂ, 50 ಟಚ್" ಅಂತ ಒಂದು ಮೊತ್ತ ಹೇಳಿದರು. ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ. ಇನ್ನೊಂದು ಕಡೆ ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಬಂದ ವಿಡಿಯೋ ತೋರಿಸಿ, ಆ 1818ರ ರಾಮನ ನಾಣ್ಯಕ್ಕೇ ಲಕ್ಷಗಟ್ಟಲೆ ಬರುತ್ತೆ ಅಂತಿದ್ದಾನೆ.

ಅಮ್ಮ, ದೊಡ್ಡಮ್ಮ, ಚಿಕ್ಕಪ್ಪ ಮೂವರಿಗೂ ಪಾಲು ಆಗಬೇಕು. ಯಾರಿಗೂ ಅನ್ಯಾಯ ಆಗಬಾರದು ಅನ್ನೋದು ನನ್ನ ಆಸೆ. ಯಾವುದರಲ್ಲಿ ಎಷ್ಟು ಬೆಳ್ಳಿ ಇದೆ ಅಂತ ಹೇಗೆ ತಿಳಿಯೋದು? ಬೆಳ್ಳಿ ಬೆಲೆಗಿಂತ ಜಾಸ್ತಿ ಬಾಳುವುದು ಇದರಲ್ಲಿ ಇದೆಯಾ? ತುಂಬಾ ಕಪ್ಪಾಗಿವೆ, ತೊಳೆದು ಹೊಳಪು ಮಾಡಿ ತೋರಿಸಿದರೆ ಒಳ್ಳೆಯದಾ?

---

ಸಾಗರದವ

ಕೊನೇ ಪ್ರಶ್ನೆಗೆ ಮೊದಲು ಉತ್ತರ. ದಯವಿಟ್ಟು ತೊಳೆಯಬೇಡಿ. ಇವತ್ತು ರಾತ್ರಿ ಯಾರಾದರೂ "ಸ್ವಲ್ಪ ಸಬೀನಾ ಹಾಕಿ ಉಜ್ಜಿದರೆ ಆಯ್ತು" ಅಂದರೂ ಕೇಳಬೇಡಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜ ಕೊಟ್ಟ 1904ರ ಎಡ್ವರ್ಡ್ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ್ದೆ. ಪಳಪಳ ಅಂತು. ಅವತ್ತು ಬಹಳ ಖುಷಿ ಪಟ್ಟೆ. ಎಷ್ಟೋ ವರ್ಷದ ಮೇಲೆ ಒಬ್ಬರು ನಾಣ್ಯ ಸಂಗ್ರಾಹಕರಿಗೆ ತೋರಿಸಿದೆ. ಅವರು ಲೈಟಿನ ಕೆಳಗೆ ಅದನ್ನು ಓರೆ ಮಾಡಿ ಹಿಡಿದರು. ರಾಜನ ಕೆನ್ನೆ ಮೇಲೆ, ಕಿವಿ ಹತ್ತಿರ, ಖಾಲಿ ಜಾಗದಲ್ಲೆಲ್ಲ ಕೂದಲೆಳೆಯಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ನನ್ನ ಕೈ ತಿಕ್ಕಿದ ದಿಕ್ಕು ಅದು. "ನಾಣ್ಯ ಚೆನ್ನಾಗಿತ್ತು ಕಣಪ್ಪ, ಈಗ ಬೆಳ್ಳಿ ಬೆಲೆ ಅಷ್ಟೇ" ಅಂದರು. ಇವತ್ತಿಗೂ ಅದು ನನ್ನ ಹತ್ತಿರ ಇದೆ, ಇವತ್ತಿಗೂ ಅದನ್ನು ನೋಡಿದರೆ ಸಂಕಟ ಆಗುತ್ತೆ.

ಬೆಳ್ಳಿ ಕಪ್ಪಾಗೋದು ಗಾಳಿಯಲ್ಲಿರೋ ಗಂಧಕದಿಂದ. ಅದು ಮೇಲ್ಮೈ ಮೇಲೆ ತೆಳುವಾಗಿ ಕೂತಿರುವ ಪದರ, ಕೊಳೆ ಅಲ್ಲ. ನೂರು ವರ್ಷ ನಿಧಾನವಾಗಿ ಕೂತ ಬಣ್ಣ ಇದ್ದರೆ ಸಂಗ್ರಹ ಮಾಡುವವರಿಗೆ ಧೈರ್ಯ, ನಾಣ್ಯದ ಮೇಲೆ ಯಾರೂ ಕೈ ಆಡಿಸಿಲ್ಲ ಅಂತ ಗೊತ್ತಾಗುತ್ತೆ. ತಿಕ್ಕಿದರೆ ಪದರದ ಜೊತೆ ಬೆಳ್ಳಿಯೂ ಹೋಗುತ್ತೆ, ಅದನ್ನು ಮತ್ತೆ ತರಕ್ಕಾಗಲ್ಲ.

---

ನಾಣ್ಯಪ್ರೇಮಿ_ಮೈಸೂರು

ತಿಪಟೂರು ಮೇಡಂ, ಅಂಗಡಿಯಿಂದ ವಾಪಸ್ ತಂದು ತುಂಬಾ ಒಳ್ಳೆ ಕೆಲಸ ಮಾಡಿದ್ದೀರಿ. ಲೆಕ್ಕ ಹಾಕಿದರೆ ಯಾಕೆ ಅಂತ ಗೊತ್ತಾಗುತ್ತೆ.

ಬ್ರಿಟಿಷ್ ಇಂಡಿಯಾದ ರೂಪಾಯಿಯಲ್ಲಿ ನೆನಪಿಡಬೇಕಾದ ವರ್ಷ ಒಂದೇ, 1940. ಅದಕ್ಕಿಂತ ಹಿಂದೆ, ಅಂದರೆ 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ ತೂಕ, 91.7 ಟಚ್. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದರಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ. ನಮ್ಮ ಹಿರಿಯರು ಹೇಳುತ್ತಿದ್ದ ಒಂದು ತೊಲ ಅಂದರೆ ಈ ರೂಪಾಯಿಯ ತೂಕವೇ. 1940ರಿಂದ 1945ರವರೆಗಿನದ್ದೂ ತೂಕ ಅದೇ 11.66 ಗ್ರಾಂ, ಆದರೆ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ತಾಮ್ರ 40, ನಿಕ್ಕಲ್ 5, ಸತು 5. ಅದರಲ್ಲಿ ಬೆಳ್ಳಿ 5.83 ಗ್ರಾಂ. ಎರಡನೇ ಮಹಾಯುದ್ಧದ ಕಾಲ ಅದು, ಜನ ಬೆಳ್ಳಿ ರೂಪಾಯಿ ಕೂಡಿಡೋಕೆ ಶುರು ಮಾಡಿದ್ದರು, ಸರ್ಕಾರಕ್ಕೆ ಬೆಳ್ಳಿ ಸಾಲುತ್ತಿರಲಿಲ್ಲ. ಹಾಗಾಗಿ ಅರ್ಧಕ್ಕೆ ಇಳಿಸಿದರು, ಹಳೇ ರೂಪಾಯಿಗಳನ್ನೂ ಚಲಾವಣೆಯಿಂದ ವಾಪಸ್ ತಗೊಂಡರು. ನಿಮ್ಮ ಅಜ್ಜಿಯ ಮನೆಯವರ ಹಾಗೆ ಎಷ್ಟೋ ಜನ ವಾಪಸ್ ಕೊಡದೆ ಗಂಟು ಕಟ್ಟಿ ಇಟ್ಟಿದ್ದರಿಂದಲೇ ಇವತ್ತು ನಾವು ಇವನ್ನು ನೋಡುತ್ತಿದ್ದೇವೆ.

ಈಗ ನಿಮ್ಮ ಲೆಕ್ಕ. 1840ರಿಂದ 1919ರವರೆಗಿನವು 17. ಹದಿನೇಳು ಸಲ 10.69 ಅಂದರೆ 181.7 ಗ್ರಾಂ. 1940ರ ನಂತರದವು 5, ಅದು 29.1 ಗ್ರಾಂ. ಒಟ್ಟು ಹತ್ತಿರ ಹತ್ತಿರ 211 ಗ್ರಾಂ ಅಪ್ಪಟ ಬೆಳ್ಳಿ. ಎಲ್ಲವನ್ನೂ 50 ಟಚ್ ಅಂತ ಹಿಡಿದರೆ 128 ಗ್ರಾಂ ಮಾತ್ರ. 80 ಗ್ರಾಂಗೂ ಮೇಲೆ ಬೆಳ್ಳಿ ನಿಮ್ಮ ಕೈ ತಪ್ಪಿ ಹೋಗುತ್ತಿತ್ತು. ಲೆಕ್ಕ ಸುಲಭ ಆಗಲಿ ಅಂತ ಗ್ರಾಂಗೆ 100 ರೂಪಾಯಿ ಇಟ್ಟುಕೊಂಡರೂ ಎಂಟು ಸಾವಿರಕ್ಕೂ ಜಾಸ್ತಿ ನಷ್ಟ. ಅವತ್ತಿನ ನಿಜವಾದ ರೇಟು ಹಾಕಿ ನೀವೇ ಗುಣಿಸಿ ನೋಡಿ. ಸವೆದ ನಾಣ್ಯ 11.66 ಬದಲು 11.4, 11.5 ತೂಗಬಹುದು, ಅಷ್ಟು ಕಳೆಯಿರಿ.

ಈ ಬೆಳ್ಳಿ ಬೆಲೆ ಅನ್ನೋದು ನೆಲ ಇದ್ದ ಹಾಗೆ. ಅದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ. ಅದರ ಮೇಲೆ ಎಷ್ಟು ಅನ್ನೋದನ್ನು ವರ್ಷ ಮತ್ತು ನಾಣ್ಯದ ಸ್ಥಿತಿ ಹೇಳುತ್ತವೆ. ತುಂಬಾ ಹಳೇದು ಅಂದ ಮಾತ್ರಕ್ಕೆ ದುಬಾರಿ ಅಲ್ಲ. 1862 ನೋಡಿ, ಕೇಳಿದರೆ ಎಷ್ಟು ಹಳೇದು ಅನ್ನಿಸುತ್ತೆ ಅಲ್ವಾ? ಆದರೆ 1862 ಅನ್ನೋ ಇಸವಿಯನ್ನೇ ಹಾಕಿ 1874ರ ತನಕ ರೂಪಾಯಿ ಅಚ್ಚು ಹಾಕಿದರು. ರಾಶಿ ರಾಶಿ ಇವೆ. ಹಾಗಂತ ಸುಮ್ನೆ ಬಿಡಬೇಡಿ, ಹಿಂಬದಿಯಲ್ಲಿ ಸಣ್ಣ ಚುಕ್ಕಿಗಳು ಇರುತ್ತವೆ, ಅವು ಎಷ್ಟಿವೆ, ಎಲ್ಲಿವೆ ಅನ್ನೋದರ ಮೇಲೆ ಬೇರೆ ಬೇರೆ ಬಗೆ. ಕೆಲವು ಬಗೆ ಸಿಗೋದು ಕಷ್ಟ. ನಿಮ್ಮ ಮೂರನ್ನೂ ಲೆನ್ಸಿನಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿ.

1840 ಕೂಡ ಹಾಗೇ, ಅದೇ ಇಸವಿ ಹಾಕಿ ವರ್ಷಗಟ್ಟಲೆ ಅಚ್ಚಾಯಿತು. ಅದರಲ್ಲಿ ವಿಕ್ಟೋರಿಯಾ ಕ್ವೀನ್ ಅನ್ನೋ ಅಕ್ಷರ ತಲೆ ಮೇಲೆ ಒಂದೇ ಸಾಲಾಗಿ ಹೋಗಿದೆಯಾ, ಇಲ್ಲ ತಲೆಯ ಆ ಕಡೆ ಒಂದು ಪದ ಈ ಕಡೆ ಒಂದು ಪದ ಇದೆಯಾ ನೋಡಿ ಹೇಳಿ. ಒಂದೇ ಸಾಲಿನದ್ದು ಮೊದಲಿನ ಬಗೆ, ಅದಕ್ಕೆ ಬೇಡಿಕೆ ಜಾಸ್ತಿ. 1901, 1903, 1906, 1907, 1912, 1913, 1916, 1918, 1919 ಎಲ್ಲ ಸಾಮಾನ್ಯ ವರ್ಷಗಳು. ಹೊಸದರಂತೆ ಇದ್ದರೆ ಮಾತ್ರ ಬೆಳ್ಳಿಗಿಂತ ಮೇಲೆ ಹೋಗುತ್ತವೆ. 1944, 1945ರದ್ದರಲ್ಲಿ ಹಿಂಬದಿ ಕೆಳಗಿನ ಹೂವಿನ ಹತ್ತಿರ ಎಲ್ ಅಕ್ಷರ ಇದ್ದರೆ ಅದು ಲಾಹೋರ್ ಟಂಕಸಾಲೆಯದ್ದು, ಚುಕ್ಕಿ ಇದ್ದರೆ ಬೊಂಬಾಯಿ.

1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿ ಇಲ್ಲ, ಅದು ನಿಕ್ಕಲ್. ಫ್ರಿಜ್ಜಿನ ಆಯಸ್ಕಾಂತ ಹಿಡಿಯಿರಿ, ಅಂಟಿಕೊಳ್ಳುತ್ತೆ. ಗಾಂಧೀಜಿಯ 20 ಪೈಸೆ 1969ರಲ್ಲಿ ಅವರ ಶತಮಾನೋತ್ಸವಕ್ಕೆ ಬಂದದ್ದು, ಅಲ್ಯೂಮಿನಿಯಂ ಸೇರಿಸಿದ ಕಂಚು. ಬಂಗಾರದ ಅಂಶ ಅದರಲ್ಲಿ ಒಂಚೂರೂ ಇಲ್ಲ. ಅದೇ ಸಂದರ್ಭಕ್ಕೆ ಬಂದ 10 ರೂಪಾಯಿ ಮಾತ್ರ ಬೆಳ್ಳಿಯದ್ದು, 15 ಗ್ರಾಂ, 80 ಟಚ್. ಟ್ರಂಕಿನ ಮೂಲೆಯಲ್ಲಿ ಅಂಥದ್ದೇನಾದರೂ ಉಳಿದಿದೆಯಾ ಇನ್ನೊಮ್ಮೆ ಹುಡುಕಿ.

1911 ಬಗ್ಗೆ ಬೇಕಂತಲೇ ಏನೂ ಬರೆದಿಲ್ಲ. ಅದರ ಎರಡೂ ಬದಿಯ ಫೋಟೋ ಹಾಕಿ, ಆಮೇಲೆ ಮಾತಾಡೋಣ. ಅಲ್ಲಿಯವರೆಗೆ ಅದನ್ನು ಬೇರೆಯಾಗಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ.

---

ಆಚಾರಿ_ಮನೆ

ನಮ್ಮದು ಮೂರು ತಲೆಮಾರಿನಿಂದ ಚಿನ್ನ ಬೆಳ್ಳಿ ಕೆಲಸ ಮಾಡೋ ಮನೆ. ಅಂಗಡಿಯವರ ಕಡೆಯ ವಿಷಯವನ್ನೂ ಸ್ವಲ್ಪ ಹೇಳಬೇಕು. ಕರಗಿಸಲು ಕೊಟ್ಟರೆ ಸ್ವಲ್ಪ ಸವಕಳಿ, ಶುದ್ಧ ಮಾಡೋ ಖರ್ಚು ಅಂತ ಕಳೆಯೋದು ನ್ಯಾಯವೇ. ಆದರೆ 91 ಟಚ್ಚಿನ ಮಾಲನ್ನು 50 ಅಂತ ಹೇಳೋದು ನ್ಯಾಯ ಅಲ್ಲ. ನಮ್ಮ ತಂದೆ ರೂಪಾಯಿ ಬಂದರೆ ಮೊದಲು ಇಸವಿ ನೋಡಿ ಎರಡು ಗುಡ್ಡೆ ಮಾಡುತ್ತಿದ್ದರು, ಆಮೇಲೆ ತಕ್ಕಡಿ ಮುಟ್ಟುತ್ತಿದ್ದರು.

ಮನೆಯಲ್ಲೇ ನೋಡೋ ಕೆಲವು ಗುರುತು ಹೇಳುತ್ತೇನೆ. 1916 ಒಂದು, 1944 ಒಂದು ತಗೊಂಡು ಅಂಚು ನೋಡಿ. 1916ರದ್ದಕ್ಕೆ ಅಂಚಿನ ಸುತ್ತ ನೇರ ಗೀರುಗಳು ಮಾತ್ರ. 1944ರದ್ದಕ್ಕೆ ಗೀರುಗಳ ನಡುವೆ ಒಂದು ಸಣ್ಣ ಕಾಲುವೆ ಹೋಗಿರುತ್ತೆ, ಅದರೊಳಗೆ ಕುಸುರಿ ಇರುತ್ತೆ. ಖೋಟಾ ನಾಣ್ಯ ಮಾಡೋದು ಕಷ್ಟ ಆಗಲಿ ಅಂತ 1940ರಲ್ಲಿ ತಂದದ್ದು ಅದು. ಇಸವಿ ಸವೆದು ಹೋಗಿದ್ದರೂ ಅಂಚು ಮುಟ್ಟಿದರೆ ನಮಗೆ ಗೊತ್ತಾಗುತ್ತೆ. ಆಮೇಲೆ ಸದ್ದು. ಬೆರಳ ತುದಿಯ ಮೇಲೆ ನಾಣ್ಯ ಇಟ್ಟು ಇನ್ನೊಂದು ನಾಣ್ಯದಿಂದ ಅಂಚಿಗೆ ಮೆತ್ತಗೆ ತಟ್ಟಿ. ಹಳೇ ಬೆಳ್ಳಿ ಠಣ್ ಅಂತ ಎಳೆದು ಎಳೆದು ಹಾಡುತ್ತೆ. ಅರ್ಧ ಬೆಳ್ಳಿಯದ್ದು ಬೇಗ ನಿಲ್ಲುತ್ತೆ. ಒಳ್ಳೆಯ ಸ್ಥಿತಿಯಲ್ಲಿರೋ ನಾಣ್ಯಕ್ಕೆ ಮಾತ್ರ ಈ ಪರೀಕ್ಷೆ ಬೇಡ, ತಟ್ಟಿದ ಗುರುತು ಉಳಿಯುತ್ತೆ.

ಇನ್ನೂ ಖಚಿತ ಬೇಕಾದರೆ ನೀರಿನ ಲೆಕ್ಕ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. ನಾಣ್ಯ ತೂಗಿ ಬರೆದಿಡಿ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಬರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 10.3ರ ಆಸುಪಾಸು ಬಂದರೆ ಹಳೇ ರೂಪಾಯಿ ಬೆಳ್ಳಿ. 9.5ರ ಹತ್ತಿರ ಬಂದರೆ ಅರ್ಧ ಬೆಳ್ಳಿ. ಅದಕ್ಕಿಂತ ತೀರಾ ಕೆಳಗೆ ಹೋದರೆ ಅನುಮಾನ ಪಡಬೇಕು. ನಾಣ್ಯಕ್ಕೆ ಏನೂ ಆಗಲ್ಲ, ಆಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸಿದರೆ ಸಾಕು.

ಅಂಗಡಿಯಲ್ಲಿ ಯಾರಾದರೂ ಒರೆಗಲ್ಲಿಗೆ ಉಜ್ಜುತ್ತೇನೆ ಅಂದರೆ ಚೆನ್ನಾಗಿರೋ ನಾಣ್ಯ ಕೊಡಬೇಡಿ. ಅಂಚಿಗೆ ಒಂದು ಸಲ ಉಜ್ಜಿದರೂ ಆ ಗಾಯ ಹಾಗೇ ಇರುತ್ತೆ. ಹಾಲ್‌ಮಾರ್ಕ್ ಸೆಂಟರ್‌ಗಳಲ್ಲಿ ಎಕ್ಸ್‌ರೇ ಮಷಿನ್ ಇರುತ್ತೆ, ನಾಣ್ಯವನ್ನು ಒಳಗಿಟ್ಟರೆ ಟಚ್ ಬರುತ್ತೆ, ಗೀರೂ ಇಲ್ಲ, ಕರಗಿಸೋದೂ ಇಲ್ಲ.

ಕೊಂಡಿ ಹಾಕಿದ 1916 ಬಗ್ಗೆ: ಅದು ಸಂಗ್ರಹದ ಲೆಕ್ಕಕ್ಕೆ ಬರಲ್ಲ, ಬೆಳ್ಳಿ ಲೆಕ್ಕ ಅಷ್ಟೇ. ಕೊಂಡಿ ತೆಗೆಸಿದರೂ ಬೆಸುಗೆಯ ಕಲೆ ಅಂಚಿನಲ್ಲಿ ಉಳಿಯುತ್ತೆ. ತೂಗುವಾಗ ಬೆಸುಗೆಯ ತೂಕ ಬಿಟ್ಟು ಲೆಕ್ಕ ಹಾಕುತ್ತಾರೆ, ಅದು ಸರಿಯೇ. ಆದರೆ ಅದು ಯಾರೋ ಕೊರಳಿಗೆ ಹಾಕಿಕೊಂಡಿದ್ದ ರೂಪಾಯಿ. ನಾನಾಗಿದ್ದರೆ ಅದನ್ನು ಕರಗಿಸಲು ಕೊಡುತ್ತಿರಲಿಲ್ಲ.

---

ಬೀದರ್_ಬಿದ್ರಿ

ಅಕ್ಕಾ, ನಿಮ್ಮ ಚಿಕ್ಕಪ್ಪನ ಮಗನಿಗೆ ದಯವಿಟ್ಟು ಈ ಮಾತು ಹೇಳಿ. ರಾಮ ಸೀತೆ ಇರುವ 1818ರ ನಾಣ್ಯವನ್ನು ಈಸ್ಟ್ ಇಂಡಿಯಾ ಕಂಪನಿ ಯಾವತ್ತೂ ಹೊರಡಿಸಿಲ್ಲ. ಅದು ದೇವಸ್ಥಾನ, ಜಾತ್ರೆಗಳ ಹತ್ತಿರ ಮಾರೋ ಬಿಲ್ಲೆ. ದೇಶಕ್ಕೆಲ್ಲ ಒಂದೇ ರೀತಿಯ ಕಂಪನಿ ರೂಪಾಯಿ ಬಂದದ್ದೇ 1835ರಲ್ಲಿ. ನಿಜವಾದ ಹಳೇ ರಾಮಟಂಕಗಳು ಬೇರೆ, ಪೂಜೆಗೆ ಅಂತಲೇ ಮಾಡಿಸುತ್ತಿದ್ದ ಬೆಳ್ಳಿ ಬಂಗಾರದ ಟಂಕಗಳು ಅವು. ಅವುಗಳ ಮೇಲೆ ಕಂಪನಿಯ ಹೆಸರು ಇರಲ್ಲ. ನಿಮ್ಮದನ್ನು ದೇವರ ಮನೆಯಲ್ಲಿ ಇಡಿ, ಚೆನ್ನಾಗಿರುತ್ತೆ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಮ್ಮ ಮನೆಯಲ್ಲೇ ಆಗಿದೆ. ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಅಂತ ಒಂದು ಫೋನ್ ಬಂತು. ಅದು 2012ರಲ್ಲಿ ಬಂದ ನಾಣ್ಯ, ಬೇಕಾದಷ್ಟು ಸಿಗುತ್ತೆ. ನಮ್ಮ ಮಾವ ಫೋಟೋ ಕಳಿಸಿದರು. ಮೊದಲು ನೋಂದಣಿ ಶುಲ್ಕ ಅಂದರು, ಆಮೇಲೆ ತೆರಿಗೆ ಅಂದರು, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್ ಅಂತ ಒಂದು ಪತ್ರವನ್ನೂ ಕಳಿಸಿದರು. ಸ್ವಲ್ಪ ಸ್ವಲ್ಪವಾಗಿ ದುಡ್ಡು ಹೋಯಿತು. ಮಾವ ಅವಮಾನ ಅಂದುಕೊಂಡು ಆರು ತಿಂಗಳು ಯಾರಿಗೂ ಹೇಳಲಿಲ್ಲ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟಿದೆ: ಹಳೇ ನಾಣ್ಯ ನೋಟುಗಳ ವ್ಯವಹಾರಕ್ಕೆ ತಾನು ಯಾವ ಶುಲ್ಕ, ಕಮಿಷನ್ನೂ ಕೇಳಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳುವವನು ದುಡ್ಡು ಕೊಡಬೇಕು, ಅವನೇ ನಮ್ಮ ಹತ್ತಿರ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಇನ್ನೊಂದು ವಿಷಯ, ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯವರು ಈ ಚರ್ಚೆ ಓದುತ್ತಿದ್ದರೆ ಅವರಿಗಾಗಿ. ನಮ್ಮ ಕಡೆಯ ಹಳೇ ಪೆಟ್ಟಿಗೆಗಳಲ್ಲಿ ನಿಜಾಮರ ಹಾಲಿ ಸಿಕ್ಕಾ ಸಿಗುತ್ತೆ, ಚಾರ್‌ಮಿನಾರ್ ಇರೋ ರೂಪಾಯಿ. ಅದಕ್ಕೆ ಮೇಲಿನ ಲೆಕ್ಕ ಹಾಕಬೇಡಿ. ಅದರ ತೂಕ 11.18 ಗ್ರಾಂ, 81.8 ಟಚ್, ಅಂದರೆ ಒಂದರಲ್ಲಿ 9.14 ಗ್ರಾಂ ಬೆಳ್ಳಿ. ನಿಜಾಮರೂ 1940ರ ದಶಕದಲ್ಲಿ ಅರ್ಧ ಬೆಳ್ಳಿಗೆ ಇಳಿದರು. ಅದರ ಮೇಲೆ ಹಿಜರಿ ಇಸವಿ ಉರ್ದು ಅಂಕಿಯಲ್ಲಿ ಇರುತ್ತೆ, ಓದಲು ಬಾರದಿದ್ದರೆ ಫೋಟೋ ಹಾಕಿ, ನಾನು ಓದಿ ಹೇಳುತ್ತೇನೆ.

---

ತಿಪಟೂರು_ತೆಂಗು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆನ್‌ಲೈನಿನಲ್ಲಿ ಸಣ್ಣ ತಕ್ಕಡಿ ತರಿಸಿದೆ. ಶನಿವಾರ ಅಮ್ಮ, ದೊಡ್ಡಮ್ಮ ಇಬ್ಬರೂ ಕೂತಿದ್ದರು, ಊಟದ ಮೇಜಿನ ಮೇಲೆ ಟವೆಲ್ ಹಾಸಿ ಒಂದೊಂದೇ ತೂಗಿದೆವು.

ಅಂಚಿನ ಕಾಲುವೆ ಕಂಡಾಗ ದೊಡ್ಡಮ್ಮ ಮಗುವಿನ ಹಾಗೆ ಖುಷಿಪಟ್ಟರು. ಐದಕ್ಕೆ ಐದೂ ಸರಿಯಾಗಿ ಬೇರೆ ಗುಡ್ಡೆಗೆ ಬಂದವು. 1947ಕ್ಕೆ ಆಯಸ್ಕಾಂತ ಟಪ್ ಅಂತ ಅಂಟಿತು. 1901ರ ಒಂದನ್ನು ನೀರಿನಲ್ಲಿ ನೋಡಿದೆ: ತೂಕ 11.52, ನೀರಿನಲ್ಲಿ 1.12. ಭಾಗಿಸಿದರೆ 10.29. 1942ರದ್ದು 11.60, ನೀರಿನಲ್ಲಿ 1.22. ಅದು 9.5 ಬಂತು. ಆಚಾರಿಯವರು ಹೇಳಿದ ಹಾಗೇ! 1840ರಲ್ಲಿ ಅಕ್ಷರ ತಲೆಯ ಎರಡು ಬದಿಗೆ ಒಡೆದಿದೆ. 1862ರ ಮೂರರಲ್ಲಿ ಒಂದರ ಚುಕ್ಕಿ ಉಳಿದೆರಡರ ಹಾಗಿಲ್ಲ, ಅದನ್ನು ಬೇರೆ ಇಟ್ಟಿದ್ದೇನೆ. 17ಕ್ಕೆ ಒಟ್ಟು ತೂಕ 195.9 ಗ್ರಾಂ ಬಂತು, ಕೊಂಡಿ ಸೇರಿಸಿ.

1911ರ ಫೋಟೋ ಹಾಕಿದ್ದೇನೆ. ಅಜ್ಜಿ ಕಳಸಕ್ಕೆ ಹಾಕುತ್ತಿದ್ದದ್ದು ಇದೇ. ಕಿರೀಟದ ಸಂದಿಯಲ್ಲಿ, ಅಕ್ಷರಗಳ ಸುತ್ತ ಕುಂಕುಮ, ಅರಿಶಿನ ಗಟ್ಟಿಯಾಗಿ ಕೂತಿದೆ.

ಇನ್ನೊಂದು ಪ್ರಶ್ನೆ. ಚಿಕ್ಕಪ್ಪನ ಮಗ ಶಾರ್ಜಾದಲ್ಲಿ ಕೆಲಸದಲ್ಲಿದ್ದಾನೆ. ಅವರ ಪಾಲಿನದ್ದನ್ನು ಅಲ್ಲಿಗೆ ತಗೊಂಡು ಹೋಗಿ ಮಾರಿದರೆ ಜಾಸ್ತಿ ಸಿಗುತ್ತೆ ಅಂತ ಯಾರೋ ಹೇಳಿದ್ದಾರಂತೆ. ಪರವಾಗಿಲ್ಲವಾ?

---

ನಾಣ್ಯಪ್ರೇಮಿ_ಮೈಸೂರು

ಮೊದಲು ಶಾರ್ಜಾ ವಿಷಯ. ಬೇಡವೇ ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ನಿಮ್ಮ 17 ಬೆಳ್ಳಿ ರೂಪಾಯಿಯೂ ಆ ಲೆಕ್ಕಕ್ಕೆ ಬರುತ್ತವೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಾಣ್ಯವೂ ಹೋಗುತ್ತೆ, ಹುಡುಗನ ಕೆಲಸಕ್ಕೂ ಕುತ್ತು. ಇದೇ ಕಾರಣಕ್ಕೆ ಇಲ್ಲಿ ಹರಾಜು ಮಾಡುವವರೂ ಹಳೇ ನಾಣ್ಯವನ್ನು ಹೊರದೇಶಕ್ಕೆ ಕಳಿಸಲ್ಲ. ಮನೆಯಲ್ಲಿ ತಲೆಮಾರಿನಿಂದ ಬಂದದ್ದನ್ನು ದೇಶದೊಳಗೆ ಮಾರೋದಕ್ಕೆ ತೊಂದರೆ ಇಲ್ಲ. ನೆಲ ಅಗೆಯುವಾಗ ಸಿಕ್ಕಿದ್ದಾದರೆ ಬೇರೆ ಮಾತು, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಈಗ ನಿಮ್ಮ 1911. ಫೋಟೋ ನೋಡಿ ಮನಸ್ಸು ತುಂಬಿ ಬಂತು. ರಾಜನ ಎದೆ ಮೇಲಿನ ನಿಲುವಂಗಿಯಲ್ಲಿ ಒಂದು ಸರ ಇದೆಯಲ್ಲ, ಅದರಲ್ಲಿ ಒಂದು ಸಣ್ಣ ಪ್ರಾಣಿ ಇದೆ. ಲೆನ್ಸ್ ಇಟ್ಟು ನೋಡಿ. ಅದು ಆನೆ. ಆದರೆ ಸೊಂಡಿಲು ಮೋಟು, ಕಾಲು ಗಿಡ್ಡ, ಹಾಗಾಗಿ ಹಂದಿಯ ಹಾಗೆ ಕಾಣುತ್ತೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಅಚ್ಚಾದ ಮೊದಲ ರೂಪಾಯಿ ಇದು. ರಾಜನ ಅಂಗಿ ಮೇಲೆ ಹಂದಿ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿ ಜನರಿಗೆ ನೋವಾಯಿತು, ಮುಸ್ಲಿಮರಿಗಂತೂ ಬಹಳ. ಸರ್ಕಾರ ವಿತರಣೆ ನಿಲ್ಲಿಸಿತು. ಅಚ್ಚಾದದ್ದು ಸುಮಾರು 94 ಲಕ್ಷ, ಜನರ ಕೈಗೆ ಬಂದದ್ದು ಸುಮಾರು 7 ಲಕ್ಷ, ಉಳಿದದ್ದನ್ನು ಕರಗಿಸಿದರು. 1912ರಿಂದ ಆನೆಯನ್ನು ತಿದ್ದಿ, ಸೊಂಡಿಲು ಚೆನ್ನಾಗಿ ಕಾಣುವ ಹಾಗೆ ಮಾಡಿದರು. ನಿಮ್ಮ ಹತ್ತಿರವೇ 1912 ಇದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ದೊಡ್ಡಮ್ಮನಿಗೆ ತೋರಿಸಿ, ವ್ಯತ್ಯಾಸ ಅವರಿಗೇ ಕಾಣುತ್ತೆ.

ಹಾಗಾಗಿ ಇದನ್ನು ಬೆಳ್ಳಿ ತೂಕದಲ್ಲಿ ನೋಡಲೇಬಾರದು. ಕೋಟ್ಯಂತರ ಬರಲ್ಲ, ಆ ಕನಸು ಬೇಡ, ಆದರೆ ಬೆಳ್ಳಿ ಬೆಲೆಗಿಂತ ಸಾಕಷ್ಟು ಮೇಲೆ ಹೋಗುತ್ತೆ. ಎಷ್ಟು ಮೇಲೆ ಅನ್ನೋದು ಸವೆತದ ಮೇಲೆ. ಮೊದಲು ಸವೆಯೋದು ಕಿರೀಟದ ಮಣಿಗಳು, ಹುಬ್ಬು, ಕಿವಿ, ಆಮೇಲೆ ಆ ಆನೆ. ನಿಮ್ಮದರಲ್ಲಿ ಮಣಿಗಳು ಬಿಡಿ ಬಿಡಿಯಾಗಿ ಕಾಣುತ್ತಿವೆ, ಆನೆಯ ಕಣ್ಣಿನ ಗುರುತೂ ಇದೆ. ಕೈಯಿಂದ ಕೈಗೆ ಜಾಸ್ತಿ ಓಡಾಡಿಲ್ಲ. ಅಜ್ಜಿ ಕಳಸದಲ್ಲಿ ಇಟ್ಟಿದ್ದಕ್ಕೇ ಹೀಗೆ ಉಳಿದಿದೆ ಅಂತ ನನ್ನ ನಂಬಿಕೆ.

ಬೆಲೆ ಹೇಗೆ ತಿಳಿಯೋದು ಅಂದರೆ, ಯಾರೋ ಕೇಳುತ್ತಿರೋ ಬೆಲೆ ನೋಡಬೇಡಿ. ಜಾಹೀರಾತಿನಲ್ಲಿ ಯಾರು ಎಷ್ಟು ಬೇಕಾದರೂ ಬರೆಯಬಹುದು. ಹರಾಜು ನಡೆಸುವವರು ಮುಗಿದ ಹರಾಜಿನ ಬೆಲೆ ಪ್ರಕಟಿಸುತ್ತಾರೆ. 1911ರ ರೂಪಾಯಿ, ನಿಮ್ಮದರಷ್ಟೇ ಸವೆದದ್ದು, ಕಳೆದ ಒಂದೆರಡು ವರ್ಷದಲ್ಲಿ ಎಷ್ಟಕ್ಕೆ ಹೋಗಿದೆ ಅಂತ ನಾಲ್ಕೈದು ಕಡೆ ನೋಡಿ. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಹೋಗಿ, ಕನಿಷ್ಠ ಮೂರು ಜನಕ್ಕೆ ತೋರಿಸಿ, ಯಾರಿಗೂ ಅವತ್ತೇ ಕೊಡಬೇಡಿ. ಅಸಲಿಯೇ ಅಂತ ಖಾತ್ರಿಯೂ ಆಗಬೇಕು. ದೀಪಾವಳಿ ಪೂಜೆಗೆ ಅಂತ ಇದೇ ರಾಜ, ಇದೇ ರಾಣಿಯ ಅಚ್ಚಿನಲ್ಲಿ ಹೊಸ ಬೆಳ್ಳಿ ಬಿಲ್ಲೆ ಮಾಡುತ್ತಾರೆ. ಅಕ್ಷರಗಳ ಮೂಲೆ ಮೊಂಡಾಗಿದ್ದು ಸಾಬೂನಿನ ಹಾಗೆ ನುಣುಪಾಗಿದ್ದರೆ, ಅಂಚಿನಲ್ಲಿ ಅರ ತಿಕ್ಕಿದ ಗೆರೆ ಇದ್ದರೆ ಅದು ಎರಕ ಹೊಯ್ದದ್ದು. ನಿಮ್ಮದು ಫೋಟೋದಲ್ಲಿ ಸರಿಯಾಗಿಯೇ ಕಾಣುತ್ತಿದೆ.

ಪಾಲಿನ ವಿಷಯ ಕೇಳಿದ್ದಿರಿ. ಸಾಮಾನ್ಯ ವರ್ಷದ್ದನ್ನು ತೂಕ ನೋಡಿ ಮೂರು ಪಾಲು ಮಾಡಿ, ಅದರಲ್ಲಿ ಜಗಳ ಬರಲ್ಲ. 1911, ಒಡೆದ ಅಕ್ಷರದ 1840, ಆ ಬೇರೆ ಚುಕ್ಕಿಯ 1862, ಈ ಮೂರನ್ನು ತಕ್ಕಡಿಗೆ ಹಾಕಬೇಡಿ. ಬೆಲೆ ಕಟ್ಟಿಸಿ ಆಮೇಲೆ ಮನೆಯವರೇ ತೀರ್ಮಾನ ಮಾಡಿ.

---

ತಿಪಟೂರು_ತೆಂಗು

ಅಮ್ಮನಿಗೆ, ದೊಡ್ಡಮ್ಮನಿಗೆ ಇದನ್ನು ಜೋರಾಗಿ ಓದಿ ಹೇಳಿದೆ. ಚಿಕ್ಕಪ್ಪನಿಗೂ ಫೋನ್ ಮಾಡಿದೆವು. ಶಾರ್ಜಾ ಮಾತು ಬಿಟ್ಟರು. ಸದ್ಯಕ್ಕೆ ಯಾವುದನ್ನೂ ಮಾರಲ್ಲ. ಅರ್ಧ ಬೆಳ್ಳಿಯ ಐದನ್ನು ಮಾತ್ರ ಮುಂದೆ ಬೇಕಾದರೆ ಕೊಡೋಣ ಅಂತ ಮಾತಾಯಿತು. ಕೊಂಡಿಯ ರೂಪಾಯಿ ಮುತ್ತಜ್ಜಿಯ ಸರದ್ದಂತೆ, ದೊಡ್ಡಮ್ಮನಿಗೆ ಈಗ ನೆನಪಾಯಿತು. ಅದನ್ನು ಅವರೇ ಇಟ್ಟುಕೊಳ್ಳುತ್ತಾರೆ.

1911 ನಮ್ಮ ಮನೆಯಲ್ಲೇ ಇರುತ್ತೆ, ಅದರ ಬೆಲೆ ಕಟ್ಟಿಸಿ ಉಳಿದಿಬ್ಬರಿಗೆ ಅಮ್ಮ ಬೇರೆ ನಾಣ್ಯ ಕೊಡುತ್ತಾರೆ. ಈ ಸಲದ ಹಬ್ಬಕ್ಕೆ ಅದನ್ನೇ ಕಳಸಕ್ಕೆ ಹಾಕಬೇಕು ಅಂತ ಅಮ್ಮನ ಆಸೆ. ಹಾಕಬಹುದಾ? ಆ ಕುಂಕುಮ ಹಾಗೇ ಬಿಡೋದಾ?

---

ಸಾಗರದವ

ಹಾಕಿ ಮೇಡಂ. ಆದರೆ ನೀರು ತುಂಬಿದ ಕಳಸಕ್ಕೆ ಬೇಡ, ಅಕ್ಕಿ ತುಂಬಿದ ಕಳಸ ಇಟ್ಟರೆ ಅದರ ಮೇಲೆ ವೀಳ್ಯದೆಲೆಯಲ್ಲಿ ಇಡಿ. ಕರ್ಪೂರದ ಹೊಗೆ ನೇರ ತಗುಲದ ಹಾಗೆ ನೋಡಿಕೊಳ್ಳಿ.

ಕುಂಕುಮ ತೆಗೆಯಲೇಬೇಕು ಅಂತಿಲ್ಲ. ತೆಗೆಯುವುದಾದರೆ ಮೆಡಿಕಲ್ ಶಾಪಿನಲ್ಲಿ ಸಿಗೋ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ರಾತ್ರಿ ಸುಮ್ನೆ ಮುಳುಗಿಸಿಡಿ, ಬೆಳಿಗ್ಗೆ ನೀರು ಬದಲಿಸಿ, ಇನ್ನೊಂದು ದಿನ ಬಿಡಿ. ಎಷ್ಟು ಬಿಡುತ್ತೋ ಅಷ್ಟು. ಉಜ್ಜಬೇಡಿ, ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಒತ್ತಿ ಒಣಗಿಸಿ. ಹಿಡಿಯುವಾಗ ಮುಖ ಮುಟ್ಟಬೇಡಿ, ಅಂಚು ಮಾತ್ರ ಹಿಡಿಯಿರಿ, ಬೆವರಿನ ಗುರುತು ಉಳಿಯುತ್ತೆ. ಆಮೇಲೆ ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ವರ್ಷ ಕಳೆದ ಹಾಗೆ ಅದು ಬೆವತು ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಸುತ್ತೆ. ಅಜ್ಜಿಯ ಆ ಕೆಂಪು ಬಟ್ಟೆ ಹತ್ತಿಯದ್ದೇ ಆಗಿದ್ದು ಬಣ್ಣ ಬಿಡದಿದ್ದರೆ, ಒಂದೊಂದು ನಾಣ್ಯವನ್ನೂ ಬಿಳಿ ಕಾಗದದಲ್ಲಿ ಬೇರೆ ಬೇರೆ ಸುತ್ತಿ ಅದರಲ್ಲೇ ಕಟ್ಟಿಡಿ.